ತಾಳವನ್ನು ಬಿಟ್ಟ ಮೂವರು

ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರ ಹಿಂದೆ ನಡೆದು ಬಲ್ಲ ವಾಚಕರೆಲ್ಲರೂ ಸ್ಯಾಕ್ಸೊಫೋನೆಂಬ ವಾದ್ಯವನ್ನು ಕಂಡೇ ಇರುವರು. ಅದರ ಹೆಸರನ್ನು ಮಾತ್ರ ಹಲವರು ಕೇಳಿರಲಾರರು. ಹಿತ್ತಾಳೆಯ ಮೈ, ಆನೆಯ ಸೊಂಡಿಲಿನಂತೆ ಕೆಳಕ್ಕಿಳಿದು ಮತ್ತೆ ಮೇಲಕ್ಕೆ ಹೊರಳಿದ ಬಾಯಿ, ಮೈತುಂಬ ಒತ್ತುಗುಂಡಿಗಳು, ಇವುಗಳಿಂದ ಅದನ್ನು ಗುರುತಿಸಬಹುದು. ಹಿತ್ತಾಳೆಯಿಂದ ಮಾಡಿದ್ದಾದರೂ ಅದು ಕಹಳೆಯ ಜಾತಿಗೆ ಸೇರಿದುದಲ್ಲ. ಜೊಂಡಿನ ತೆಳ್ಳನೆಯ ಒಂದು ಸೀಳನ್ನು ಬಾಯಲ್ಲಿಟ್ಟು ಊದುವುದರಿಂದ ಅದು ನಮ್ಮ ಶಹನಾಯಿ ನಾಗಸ್ವರಗಳಿಗೆ ದೂರದ ದಾಯಾದಿಯಾಗುವುದು. ಆಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದ ವಾದ್ಯಶಿಲ್ಪಿಯು ಅದನ್ನು ನಿರ್ಮಿಸಿ ೧೮೪೬ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರವನ್ನು ಪಡೆದನು. ತಂಡಗಳ ಸಂತೆಯಲ್ಲಿ ಹುಟ್ಟಿದ ವಾದ್ಯವೆಂದು ನಾವು ಅದನ್ನು ಬಹುಕಾಲ ಉದಾಸೀನದಿಂದಲೇ ಕಂಡೆವು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಶಬ್ದಮಂಜರಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸಿದ ನಾವು ಇಳಿವಯಸ್ಸಿನಲ್ಲಿ ಈ ಹಿತ್ತಾಳೆಯ ಕೊಳವೆಯನ್ನು ಕುರಿತು ಬರೆಯಲು ಕುಳಿತಿರುವುದು ನಮಗೇ ಸೋಜಿಗವಾಗಿದೆ.

ಸಂದರ್ಭವು ಹೀಗೆ ಒದಗಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಕಳೆದ ದೀಪಾವಳಿಗೆ ಚಂದ್ರಬಂಡಕ್ಕೆ ಬಂದಿದ್ದನು. ರಾತ್ರಿಯ ಊಟವಾದ ಮೇಲೆ ಮನೆಯ ಮುಂದಿನ ಕಟ್ಟೆಯಲ್ಲಿ ಚಾಪೆ ಹಾಸಿ ಕುಳಿತಿದ್ದೆವು. ಹಗಲೆಲ್ಲ ಕಾದ ಬಂಡೆಗಳು ಆಗತಾನೆ ತಣ್ಣಗಾಗುತ್ತಿದ್ದುವು. ಹುಡುಗನು ತನ್ನ ಕೈಫೋನಿಗೆ ಒಂದು ಪುಟ್ಟ ಧ್ವನಿಪೆಟ್ಟಿಗೆಯನ್ನು ಜೋಡಿಸಿ, "ಮಾಮಾ, ಇದಕ್ಕೆ ತಾಳ ಹಾಕಿ ನೋಡ್ರಿ" ಎಂದನು. ಯಾವ ಹಾಡು ಕಿವಿಗೆ ಬಿದ್ದರೂ ತೊಡೆಯ ಮೇಲೆ ಬೆರಳು ಮಡಚಿ ಎಣಿಸುವ ನಮ್ಮ ಚಾಳಿಯು ಮನೆಮಂದಿಗೆಲ್ಲ ಗೊತ್ತಿರುವ ವಿಷಯ. ಅದನ್ನು ನೆಚ್ಚಿಯೇ ಅವನು ಈ ಬಲೆಯನ್ನು ಒಡ್ಡಿದ್ದನು.

ಮೊದಲು ಕಮಾನಿನಿಂದ ಉಜ್ಜಿದ ದೊಡ್ಡ ತಂತಿವಾದ್ಯವೊಂದು ನಡುಗುವ ದನಿಯಲ್ಲಿ ಕೇಳಿಸಿತು. ಅದರ ಮೇಲೆ ಸ್ಯಾಕ್ಸೊಫೋನು ಅಳುವ ಮನುಷ್ಯನ ಕಂಠದಂತೆ ಏರಿ, ತಡೆದು, ಇಳಿಯಿತು. ತಾಳವಾದ್ಯದವನು ಎಲ್ಲಿಯೋ ಹಿಂದೆ ಇದ್ದನು. ಆದರೆ ಎಣಿಕೆಗೆ ಸಿಕ್ಕುವಂತೆ ಏನನ್ನೂ ಬಾರಿಸಲಿಲ್ಲ. ನಾವು ಆದಿತಾಳವನ್ನು ಹಿಡಿದೆವು, ಬಿಟ್ಟೆವು. ರೂಪಕವನ್ನು ಹಿಡಿದೆವು, ಅದೂ ಜಾರಿತು. ಮಿಶ್ರಚಾಪುವಿನಲ್ಲಿ ಎರಡು ಸುತ್ತು ಹೋಗುವಷ್ಟರಲ್ಲಿ ಬೆರಳು ಸೋತಿತು. ಸುಮಾರು ನಾಲ್ಕು ನಿಮಿಷಗಳಲ್ಲಿ ಅದು ಮುಗಿಯಿತು. "ತಾಳಗೆಟ್ಟ ಸಂಗೀತ" ಎಂದು ನಾವು ತೀರ್ಪು ಕೊಟ್ಟೆವು.

ಬಾಗಿಲ ಬಳಿ ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಮನೆಯವರು ತಲೆಯೆತ್ತದೆಯೇ, "ಉಗಾಭೋಗಕ್ಕೆ ಯಾರಾದರೂ ತಾಳ ಹಾಕ್ತಾರೇನ್ರಿ? ಸುಮ್ಮನೆ ಕೂತು ಕೇಳಬಾರದೇನು?" ಎಂದರು.

ಈ ಮಾತು ನಮ್ಮ ಬಾಯಿಯನ್ನು ಕಟ್ಟಿತು. ಏಕೆಂದರೆ ನಮ್ಮ ರಾಯಚೂರು ಸೀಮೆಯು ದಾಸರ ಸೀಮೆ. ವಿಜಯದಾಸರು ಹುಟ್ಟಿದ ಚೀಕಲಪರವಿಯೂ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟವೂ ಮಾನವಿಯ ಕಡೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಇಲ್ಲಿಯ ಭಜನಾಮಂಡಲಿಯ ಹೆಂಗಸರು ಕೀರ್ತನೆಯನ್ನು ಎತ್ತಿಕೊಳ್ಳುವ ಮುನ್ನ ಒಂದು ಉಗಾಭೋಗವನ್ನು ಹೇಳುವುದುಂಟು. ಅದಕ್ಕೆ ಪಲ್ಲವಿಯಿಲ್ಲ, ಚರಣಗಳ ವಿಭಾಗವಿಲ್ಲ, ತಾಳದ ಕಟ್ಟಿಲ್ಲ. ಹಾಡುವವರು ತಮ್ಮ ಉಸಿರಿನ ಅಳತೆಯಲ್ಲಿ, ಮಾತಿನ ಅರ್ಥವು ಎಳೆದಷ್ಟು ಎಳೆದು, ನಿಲ್ಲಿಸಬೇಕೆನಿಸಿದಲ್ಲಿ ನಿಲ್ಲಿಸುವರು. ತಾಳದ ಕಟ್ಟಳೆ ಇಲ್ಲವೆಂದು ಅದನ್ನು ಯಾರೂ ಕೆಟ್ಟ ಹಾಡೆನ್ನುವುದಿಲ್ಲ.

ಹಾಗಾದರೆ ನಾವು ಕೇಳಿದ್ದು ಏನು? ಅಳಿಯನು ಅಂದು ಹೇಳಿದುದನ್ನೂ, ಆಮೇಲೆ ನಾವಾಗಿ ಓದಿ ಕೇಳಿ ತಿಳಿದುದನ್ನೂ ಸೇರಿಸಿ ಬರೆಯುತ್ತೇವೆ.

ಆ ತುಣುಕಿನ ಹೆಸರು 'ಸ್ಯಾಡ್‌ನೆಸ್', ಎಂದರೆ ದುಃಖ. ರಚಿಸಿ ಊದಿದವನು ಆರ್ನೆಟ್ ಕೋಲ್ಮನ್. ಅಮೆರಿಕದ ಟೆಕ್ಸಸ್ ಸಂಸ್ಥಾನದ ಫೋರ್ಟ್ ವರ್ತ್ ಊರಿನಲ್ಲಿ ೧೯೩೦ರಲ್ಲಿ ಬಡ ಕರಿಯರ ಮನೆಯಲ್ಲಿ ಹುಟ್ಟಿದವನು. ಜಾಝ್ ಎಂಬುದು ಆ ಜನರ ಸೃಷ್ಟಿಯೆಂಬುದನ್ನು ವಾಚಕರು ಬಲ್ಲರು. ನಮ್ಮ ಕಚೇರಿಯಲ್ಲಿ ನೆರವಲು, ಕಲ್ಪನಾಸ್ವರಗಳಿರುವಂತೆ ಅಲ್ಲಿಯೂ ಮನೋಧರ್ಮಕ್ಕೆ ವಿಪುಲವಾದ ಅವಕಾಶವುಂಟು. ಒಂದು ಹಾಡನ್ನು ಎಲ್ಲರೂ ಸೇರಿ ನುಡಿಸಿ, ತರುವಾಯ ಒಬ್ಬೊಬ್ಬರಾಗಿ ಅದನ್ನು ವಿಸ್ತರಿಸುವರು. ಆದರೆ ಈ ವಿಸ್ತಾರಕ್ಕೆ ಒಂದು ಗೂಟವಿದೆ: ಪಿಯಾನೋದವನು ಹಾಡಿನ ಸ್ವರಮೇಳಗಳನ್ನು ಗೊತ್ತಾದ ಕ್ರಮದಲ್ಲಿ ಸುತ್ತಿಸುತ್ತಲೇ ಇರುವನು, ಊದುವವನು ಎಲ್ಲಿ ಹೋದರೂ ಆ ಸುತ್ತಿನೊಂದಿಗೆ ಹೊಂದಿಕೊಂಡೇ ನಡೆಯಬೇಕು, ಸುತ್ತು ಮುಗಿದಾಗ ಮನೆಗೆ ಬರಬೇಕು. ಆವರ್ತವೆಂಬ ನಮ್ಮ ಮಾತನ್ನು ಇಲ್ಲಿ ಹೆಚ್ಚು ತಪ್ಪಿಲ್ಲದೆ ಬಳಸಬಹುದು.

ಕೋಲ್ಮನ್ ಈ ಗೂಟವನ್ನು ಕಿತ್ತನು. ೧೯೫೯ರ ನವೆಂಬರಿನಲ್ಲಿ ಅವನು ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಪಾನಗೃಹದಲ್ಲಿ ಪಿಯಾನೋ ಇಲ್ಲದ ತಂಡದೊಡನೆ ನುಡಿಸತೊಡಗಿದಾಗ ಊರು ಎರಡಾಯಿತು. ಕೆಲವರು ಇವನೇ ಹೊಸ ಯುಗದವನೆಂದರು. ಮತ್ತೆ ಕೆಲವರು ಇವನಿಗೆ ವಾದ್ಯವೇ ಬಾರದು, ಶ್ರುತಿಯೇ ಇಲ್ಲವೆಂದರು. ೧೯೬೦ರ ಡಿಸೆಂಬರ್ ೨೧ರಂದು ಎಂಟು ಜನರನ್ನು ಕೂಡಿಸಿ ಅವನು ಮುದ್ರಿಸಿದ ತಟ್ಟೆಗೆ 'ಫ್ರೀ ಜಾಝ್' ಎಂದು ಹೆಸರಾಯಿತು. ಈ ಮಾರ್ಗದ ಸಂಗೀತಕ್ಕೆಲ್ಲ ಆ ಹೆಸರೇ ನಿಂತಿತು. ಬಂಧವಿಲ್ಲದ ಜಾಝ್ ಎಂದು ಅದಕ್ಕೆ ಅರ್ಥ ಮಾಡಬಹುದು.

ಈ ಮನುಷ್ಯನ ಪೂರ್ವಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹಿಡಿದ ಸಂಗತಿ ಒಂದಿದೆ. ಹರೆಯದಲ್ಲಿ ಅವನು ಊರೂರು ತಿರುಗುವ ತಂಡದಲ್ಲಿದ್ದಾಗ ಲೂಯಿಸಿಯಾನದ ಬ್ಯಾಟನ್ ರೂಜಿನಲ್ಲಿ, ನೃತ್ಯಶಾಲೆಯೊಂದರ ಹೊರಗೆ ಕೆಲವರು ಅವನನ್ನು ಹೊಡೆದು ಅವನ ವಾದ್ಯವನ್ನು ಹಾಳುಮಾಡಿದರಂತೆ. ಮುಂದೆ ಲಾಸ್ ಏಂಜಲೀಸಿನ ದೊಡ್ಡ ಅಂಗಡಿಯೊಂದರಲ್ಲಿ ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಲಿಫ್ಟನ್ನು ನಡೆಸುವ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಸಂಗೀತಶಾಸ್ತ್ರದ ಪುಸ್ತಕಗಳನ್ನು ಓದಿದನು. ಲೋಹದ ವಾದ್ಯವನ್ನು ಕೊಳ್ಳಲಾರದೆ ಪ್ಲಾಸ್ಟಿಕ್ಕಿನ ಬಿಳಿಯ ಸ್ಯಾಕ್ಸೊಫೋನನ್ನು ಕೊಂಡನು. ಆ ಬಿಳಿಯ ವಾದ್ಯವೇ ಅವನ ಗುರುತಾಯಿತು.

ಎಂಟು ಜನರ ತಟ್ಟೆಯಾಗಿ ಸರಿಯಾಗಿ ಎರಡು ವರ್ಷಗಳಿಗೆ, ೧೯೬೨ರ ಡಿಸೆಂಬರ್ ೨೧ರಂದೇ, ಕೋಲ್ಮನ್ ನ್ಯೂಯಾರ್ಕಿನ ಟೌನ್ ಹಾಲ್ ಎಂಬ ಸಭಾಂಗಣವನ್ನು ತಾನೇ ಬಾಡಿಗೆಗೆ ಹಿಡಿದು ಕಚೇರಿಯನ್ನು ಏರ್ಪಡಿಸಿದನು. ಈ ಸಲ ಎಂಟು ಜನರಿಲ್ಲ, ಮೂವರೇ: ತಾನು, ದೊಡ್ಡ ತಂತಿವಾದ್ಯದ ಡೇವಿಡ್ ಐಝೆನ್‌ಝನ್, ಮತ್ತು ತನ್ನೂರಿನವನೇ ಆದ ತಾಳವಾದ್ಯದ ಚಾರ್ಲ್ಸ್ ಮಾಫೆಟ್. ಪೋಷಕರಿಲ್ಲದ ಕಲಾವಿದನು ತನ್ನ ಸಭೆಯನ್ನು ತಾನೇ ಕೂಡಿಸಬೇಕಾಗಿ ಬಂದ ಕಷ್ಟವನ್ನು ಹರಿಕಥೆಯ ದಾಸರ ಮನೆಯವರು ಚೆನ್ನಾಗಿ ಬಲ್ಲರು. ಆ ರಾತ್ರಿಯ ಒಂದು ಭಾಗವು 'ಟೌನ್ ಹಾಲ್, ೧೯೬೨' ಎಂಬ ಹೆಸರಿನಿಂದ ೧೯೬೫ರಲ್ಲಿ ತಟ್ಟೆಯಾಗಿ ಹೊರಬಂದಿತು. ಹೊರತಂದ ಇಎಸ್‌ಪಿ ಸಂಸ್ಥೆಯನ್ನು ಸ್ಥಾಪಿಸಿದವರು ಒಬ್ಬ ವಕೀಲರು. ಎಸ್ಪೆರಾಂಟೋ ಎಂಬ ಕಲ್ಪಿತ ವಿಶ್ವಭಾಷೆಯ ಅಭಿಮಾನಿಗಳು. ಅವರ ಮೊದಲ ತಟ್ಟೆಯೇ ಆ ಭಾಷೆಯದು. ಪಾಣಿನಿಯನ್ನು ಓದಿದ ನಮಗೆ ಕಲ್ಪಿತ ಭಾಷೆಗಳಲ್ಲಿ ವಿಶ್ವಾಸ ಕಡಿಮೆ. ಆದರೂ ಭಾಷೆಗಾಗಿ ಹೊರಟವರು ಸಂಗೀತಕ್ಕೆ ನೆರಳಾದುದು ಒಳ್ಳೆಯದೇ ಆಯಿತು. ಆಲ್ಬರ್ಟ್ ಐಲರ್ ಎಂಬ ಮತ್ತೊಬ್ಬ ಸ್ಯಾಕ್ಸೊಫೋನುಗಾರನು ೧೯೬೪ರ ಜುಲೈ ತಿಂಗಳಲ್ಲಿ ಇಬ್ಬರೇ ಸಂಗಡಿಗರೊಡನೆ ಮುದ್ರಿಸಿದ 'ಸ್ಪಿರಿಚುಯಲ್ ಯೂನಿಟಿ'ಯೂ ಇದೇ ಸಂಸ್ಥೆಯದು. ಅದನ್ನೂ ಕೇಳಿದೆವು. ಅದರ ಆರ್ಭಟವು ನಮ್ಮ ವಯಸ್ಸಿಗೆ ಸ್ವಲ್ಪ ಹೆಚ್ಚೆಂದು ಒಪ್ಪಿಕೊಳ್ಳುತ್ತೇವೆ.

ಟೌನ್ ಹಾಲಿನ ತಟ್ಟೆಯಲ್ಲಿರುವುದು ನಾಲ್ಕೇ ಕೃತಿಗಳು. ಇಪ್ಪತ್ತು ನಿಮಿಷಗಳಿಗೂ ಮೀರಿದ ಒಂದುಂಟು. ಕೋಲ್ಮನ್ ತಾನು ನುಡಿಸದೆ ನಾಲ್ವರು ತಂತಿವಾದ್ಯದವರಿಗಾಗಿ ಬರೆದುದೊಂದುಂಟು. ಆದರೆ ನಾವು ಮತ್ತೆ ಮತ್ತೆ ಹಾಕಿಸಿಕೊಂಡುದು ಆ ನಾಲ್ಕು ನಿಮಿಷದ ದುಃಖವನ್ನೇ. ಕಚೇರಿಯಾದ ಮೇಲೆ ಕೋಲ್ಮನ್ ಸುಮಾರು ಎರಡು ವರ್ಷ ಸಾರ್ವಜನಿಕ ಸಭೆಗಳಿಂದ ದೂರವಿದ್ದು, ಆ ಅವಧಿಯಲ್ಲಿ ಪಿಟೀಲನ್ನೂ ಕಹಳೆಯನ್ನೂ ತಾನಾಗಿಯೇ ಕಲಿತನು. ಪುಲಿಟ್ಜರ್ ಎಂಬ ದೊಡ್ಡ ಮರ್ಯಾದೆಯು ಅವನಿಗೆ ದೊರೆತುದು ೨೦೦೭ರಲ್ಲಿ. ಅವನು ತೀರಿಕೊಂಡುದು ೨೦೧೫ರಲ್ಲಿ.

ಇನ್ನು ನಮ್ಮ ಶಾಸ್ತ್ರದ ಕಡೆಗೆ ಒಂದು ಹೆಜ್ಜೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಗಾನವನ್ನು ನಿಬದ್ಧ, ಅನಿಬದ್ಧ ಎಂದು ಎರಡಾಗಿ ವಿಭಾಗಿಸಿರುವನು. ಕಟ್ಟಿಗೆ ಒಳಪಟ್ಟುದು ನಿಬದ್ಧ, ಕಟ್ಟಿಲ್ಲದುದು ಅನಿಬದ್ಧ, ಆಲಪ್ತಿಯು ಈ ಎರಡನೆಯದಕ್ಕೆ ಸೇರಿದುದು. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಅನಿಬದ್ಧವನ್ನು ಆಚಾರ್ಯನು ದೋಷಗಳ ಪ್ರಕರಣದಲ್ಲಿ ಸೇರಿಸಿಲ್ಲ. ಗಾನದ ಒಂದು ಭೇದವೆಂದೇ ಎಣಿಸಿರುವನು. ವಿದ್ವಾಂಸರು ರಾಗಾಲಾಪನೆಯನ್ನು ಮಾಡುವಾಗ ಮೃದಂಗದವರು ಕೈಕಟ್ಟಿ ಕುಳಿತಿರುವರು. ಆಗ ಸಭೆಯಲ್ಲಿ ಯಾರೂ ತಾಳ ತಪ್ಪಿತೆಂದು ಕೂಗುವುದಿಲ್ಲ.

ಮಾಫೆಟ್ಟನ ಬಾರಿಸುವಿಕೆಗೆ ಸರಿಯಾದ ಮಾತು ಮೊದಲು ನಮಗೆ ದೊರೆಯಲಿಲ್ಲ. ಅವನು ಸುಮ್ಮನೆಯೂ ಇರುವುದಿಲ್ಲ, ಎಣಿಕೆಯನ್ನೂ ಕೊಡುವುದಿಲ್ಲ. ಕೊನೆಗೆ ಆಲಂಕಾರಿಕರು ನೆರವಿಗೆ ಬಂದರು. ವಾಮನನೇ ಮೊದಲಾದವರು ಗದ್ಯದ ಭೇದಗಳನ್ನು ಹೇಳುವಾಗ ವೃತ್ತಗಂಧಿಯೆಂಬ ಒಂದನ್ನು ಹೇಳುವರು: ಅದು ಗದ್ಯವೇ ಹೌದು, ಆದರೆ ಅಲ್ಲಲ್ಲಿ ಛಂದಸ್ಸಿನ ವಾಸನೆ ಸುಳಿಯುವುದು. ಮಾಫೆಟ್ಟನ ಕೈಯಲ್ಲಿ ತಾಳವು ಹಾಗೆಯೇ ಸುಳಿಯುವುದು, ಹಿಡಿಯಹೋದರೆ ಇಲ್ಲ. ಮನೆಯವರಿಗೆ ಈ ಹೋಲಿಕೆಯನ್ನು ವಿವರಿಸಿದಾಗ, "ಅದಕ್ಕೂ ಒಂದು ಹೆಸರು ಬೇಕೇನು ನಿಮಗೆ?" ಎಂದರು.

ಈಗ ಒಂದು ತಪ್ಪೊಪ್ಪಿಗೆ. ಬಹುವರ್ಷಗಳ ಹಿಂದೆ ನಾವು ಉಪಾಧ್ಯಾಯರಾಗಿದ್ದ ಒಂದು ಹಳ್ಳಿಯಲ್ಲಿ, ಶಾಲೆಯ ಶಾರದಾಪೂಜೆಯ ದಿನ, ಏಳನೆಯ ತರಗತಿಯ ಹುಡುಗನೊಬ್ಬನು ಹಾಡಲು ಎದ್ದು ನಿಂತನು. ಅವನ ಅಜ್ಜಿ ಭಜನೆಯಾಕೆ. ಹುಡುಗನು ಅವಳ ಬಾಯಿಂದ ಕಲಿತ ಉಗಾಭೋಗವನ್ನು, ಅವಳಂತೆಯೇ ಎಳೆದು ಹಾಡತೊಡಗಿದನು. ನಮ್ಮ ಪಕ್ಕದಲ್ಲಿ ಮೇಲಧಿಕಾರಿಗಳು ಕುಳಿತಿದ್ದರು. ಕಾರ್ಯಕ್ರಮವು ಅಚ್ಚುಕಟ್ಟಾಗಿ ನಡೆಯಬೇಕೆಂಬ ಆತುರ ನಮ್ಮದು. ಬೆತ್ತದಿಂದ ಮೇಜನ್ನು ಕುಟ್ಟಿ, "ತಾಳಕ್ಕೆ ಹಾಡು, ತಾಳಕ್ಕೆ!" ಎಂದು ಗದರಿದೆವು. ಹುಡುಗನು ಬೆತ್ತದ ಪೆಟ್ಟಿಗೆ ಮಾತನ್ನು ಹೊಂದಿಸಲು ಎರಡು ಸಲ ಯತ್ನಿಸಿ, ತೊದಲಿ, ನಿಂತುಬಿಟ್ಟನು. ಮಕ್ಕಳು ನಕ್ಕರು. ನಾವೂ ನಕ್ಕೆವೆಂದು ನೆನಪು. ಆ ಹುಡುಗನು ನಮ್ಮ ಶಾಲೆಯಲ್ಲಿ ಮತ್ತೆ ಹಾಡಲಿಲ್ಲ. ಬ್ಯಾಟನ್ ರೂಜಿನಲ್ಲಿ ಕೋಲ್ಮನ್ನನ ವಾದ್ಯವನ್ನು ಹಾಳುಮಾಡಿದವರ ಕಥೆಯನ್ನು ಓದಿ ಅವರನ್ನು ಮನಸ್ಸಿನಲ್ಲಿ ಬೈಯುತ್ತಿದ್ದಾಗಲೇ ನಮಗೆ ಆ ಬೆತ್ತದ ನೆನಪಾಯಿತು.

ಅದಿರಲಿ. ಅಮೆರಿಕದ ಈ ಸಂಗೀತಕ್ಕೂ ಕನ್ನಡಿಗರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು; ಅದನ್ನು ಹೇಳುವುದಕ್ಕೆಂದೇ ಈ ಲೇಖನಕ್ಕೆ ಕೈಹಾಕಿದ್ದೇವೆ.

ಮೊದಲು ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ಬಂಟವಾಳದ ಕಡೆಯ ಸಜಿಪಮೂಡದವರು. ತಂದೆ ನಾಗಸ್ವರದ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಾರುಹೋದ ಬಾಲಕನು ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರವರಲ್ಲಿಯೂ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತು, ಗುಂಡಿ ಒತ್ತಿದರೆ ಒಂದೇ ಸ್ವರವನ್ನು ನುಡಿಯುವ ವಾದ್ಯದಿಂದ ತುಟಿ, ಉಸಿರು, ಬೆರಳುಗಳ ಉಪಾಯದಿಂದ ಗಮಕವನ್ನು ಹೊರಡಿಸಿದರು. ಸ್ಯಾಕ್ಸೊಫೋನಿನಲ್ಲಿ ತೋಡಿಯನ್ನು ಕೇಳಿದವರಿಗೆ ಇದು ಎಂತಹ ಸಾಹಸವೆಂಬುದು ಗೊತ್ತಾಗುವುದು. ೧೯೮೦ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನವನ್ನು ಕೇಳಿ, ಇವರೊಡನೆ ವೇದಿಕೆಯಲ್ಲಿ ಕೂಡಿ ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮೆನೇಡ್ ಕಚೇರಿಯಾಯಿತು. ೨೦೦೪ರಲ್ಲಿ ಪದ್ಮಶ್ರೀ ಬಂದಿತು. ೨೦೧೯ರ ಅಕ್ಟೋಬರಿನಲ್ಲಿ ಅವರು ದಿವಂಗತರಾದರು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜಿನ ವಿದ್ವಾಂಸರೂ ಗಾಯಕಿ ಆರ್. ಎ. ರಮಾಮಣಿಯವರೂ ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೊಫೋನುಗಾರರೊಡನೆ ೧೯೮೩ರಲ್ಲಿ ಜರ್ಮನಿಯಲ್ಲಿ 'ಜ್ಯೋತಿ'ಯನ್ನು ಮುದ್ರಿಸಿದುದೂ ಈ ಚರಿತ್ರೆಗೆ ಸೇರಬೇಕಾದುದೇ.

ಇನ್ನು ನಮ್ಮ ಕಥೆಯ ನಿಜವಾದ ನಾಯಕನು. ರುದ್ರೇಶ ಮಹಾಂತಪ್ಪನವರು, ಹೆಸರೇ ಕನ್ನಡ ನಾಡಿನದು. ತಂದೆ ಕೆ. ಟಿ. ಮಹಾಂತಪ್ಪನವರು ಕರ್ನಾಟಕದಿಂದ ಹೋಗಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮಗನು ೧೯೭೧ರಲ್ಲಿ ಇಟಲಿಯ ಟ್ರಿಯೆಸ್ಟ್ ಪಟ್ಟಣದಲ್ಲಿ ಹುಟ್ಟಿ, ಕೊಲರಾಡೋದ ಬೋಲ್ಡರಿನಲ್ಲಿ ಬೆಳೆದನು. ಅಲ್ಲಿಯ ಶಾಲೆಯ ಹುಡುಗರಂತೆ ಸ್ಯಾಕ್ಸೊಫೋನನ್ನು ಹಿಡಿದನು. ಚಾರ್ಲಿ ಪಾರ್ಕರನ ಜಾಝ್ ಅವನ ಗುರುವಾಯಿತು. ತನ್ನ ತಂದೆತಾಯಿಗಳ ದೇಶದಲ್ಲಿ ಇದೇ ವಾದ್ಯದ ಮಹಾವಿದ್ವಾಂಸರೊಬ್ಬರಿರುವರೆಂಬ ಸಂಗತಿ ಅವನಿಗೆ ತಿಳಿದ ಬಗೆಯು ವಿನೋದವಾಗಿದೆ. ಸಂಗೀತದ ವಿದ್ಯಾರ್ಥಿಯಾಗಿದ್ದಾಗ ಅಣ್ಣನು ಅರ್ಧ ಹಾಸ್ಯಕ್ಕೆಂದು ಒಂದು ಧ್ವನಿಮುದ್ರಿಕೆಯನ್ನು ಕೈಗಿತ್ತನಂತೆ. 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್' ಎಂದು ಅದರ ಹೆಸರು. ನುಡಿಸಿದವರು ಕದ್ರಿ ಗೋಪಾಲನಾಥರು. ಹಾಸ್ಯವು ಹಾಸ್ಯವಾಗಿ ಉಳಿಯಲಿಲ್ಲ. ವರ್ಷಗಳು ಕಳೆದ ಮೇಲೆ ಶಿಷ್ಯಭಾವದಿಂದ ಅವರನ್ನು ಕಂಡು, ಅವರನ್ನೂ ಪಿಟೀಲಿನ ಕನ್ಯಾಕುಮಾರಿಯವರನ್ನೂ ಕೂಡಿಸಿಕೊಂಡು ೨೦೦೮ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಬಂಧುಗಳು ಎಂದು ಆ ಹೆಸರಿನ ಅರ್ಥ.

ಅದಕ್ಕೂ ಮುಂಚೆ, ೨೦೦೪ರಲ್ಲಿ ಅವರು ಹೊರತಂದ 'ಮದರ್ ಟಂಗ್', ಅರ್ಥಾತ್ ಮಾತೃಭಾಷೆ, ನಮ್ಮಂತಹ ಮೇಷ್ಟರುಗಳಿಗೆ ಎಲ್ಲಕ್ಕಿಂತ ಹೆಚ್ಚು ರುಚಿಸತಕ್ಕುದು. ಅಮೆರಿಕದ ಜನರು ಭಾರತೀಯರನ್ನು ಕಂಡರೆ 'ನೀವು ಇಂಡಿಯನ್ ಮಾತಾಡುತ್ತೀರಾ?' ಎಂದು ಕೇಳುವುದುಂಟಂತೆ. ಚಂದ್ರಬಂಡದ ಒಂದು ಚಹದಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಕನ್ನಡ, ತೆಲುಗು, ಉರ್ದು ಮೂರನ್ನೂ ಕೇಳುವ ನಮಗೆ ಈ ಪ್ರಶ್ನೆಯಿಂದ ನಗು ಬರುವುದು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಬೇಸರ ಬಂದಿದ್ದರೆ ಆಶ್ಚರ್ಯವಿಲ್ಲ. ಮಹಾಂತಪ್ಪನವರು ಮಾಡಿದುದಿಷ್ಟು: ಅಲ್ಲಿ ನೆಲಸಿರುವ ಭಾರತೀಯ ಮೂಲದವರಿಗೆ ಈ ಪ್ರಶ್ನೆಯನ್ನೇ ಒಡ್ಡಿ, ಅವರವರ ಭಾಷೆಯಲ್ಲಿ ಬಂದ ಉತ್ತರಗಳನ್ನು ಮುದ್ರಿಸಿಕೊಂಡು, ಮಾತಿನ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡರು. ಆ ಸ್ವರಗಳಿಂದಲೇ ಕೃತಿಗಳನ್ನು ಕಟ್ಟಿದರು. ಕೃತಿಗಳಿಗೆ ತೆಲುಗು, ತಮಿಳು, ಗುಜರಾತಿ ಎಂದು ಮುಂತಾಗಿ ಭಾಷೆಗಳ ಹೆಸರುಗಳೇ. ಅವುಗಳಲ್ಲಿ ಒಂದರ ಹೆಸರು 'ಕನ್ನಡ'.

ನಾವು ಅದನ್ನು ಮೂರು ಸಲ ಕೇಳಿದೆವು. ಒಂದು ಮಾತೂ ಇಲ್ಲ; ಸ್ಯಾಕ್ಸೊಫೋನು, ಪಿಯಾನೋ ಮುಂತಾದ ನಾಲ್ಕು ವಾದ್ಯಗಳು ಮಾತ್ರ. ಅದರಲ್ಲಿ ಕನ್ನಡವನ್ನು ಗುರುತಿಸಿದೆವೆಂದು ಹೇಳಿದರೆ ಸುಳ್ಳಾದೀತು. ಆದರೆ ನಾವು ಮಾತಾಡುವ ಗದ್ಯದಲ್ಲಿಯೇ ಒಂದು ರಾಗವಿದೆ, ಅದು ಪ್ರತಿ ಭಾಷೆಗೂ ಬೇರೆ ಎಂಬುದನ್ನು ಇಷ್ಟು ವರ್ಷ ಕನ್ನಡವನ್ನು ಕಲಿಸಿದ ನಮಗೆ ಯಾರೂ ಹೀಗೆ ತೋರಿಸಿರಲಿಲ್ಲ. ಮಂಗಳೂರಿನವರ ಕನ್ನಡಕ್ಕೂ ರಾಯಚೂರಿನವರ ಕನ್ನಡಕ್ಕೂ ಇರುವ ವ್ಯತ್ಯಾಸವು ಶಬ್ದಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಏರಿಳಿತದಲ್ಲಿಯೇ ಅಲ್ಲವೇ? ಹಿಂದಿನ ಕೋಣೆಯಲ್ಲಿ ಇಬ್ಬರು ಮಾತಾಡುತ್ತಿರುವಾಗ ಶಬ್ದಗಳು ತಿಳಿಯದಿದ್ದರೂ ಜಗಳವೋ ಸರಸವೋ ಎಂಬುದು ಮನೆಯವರಿಗೆ ತಿಳಿಯುವುದು ಇದರಿಂದಲೇ.

೨೦೦೮ರಲ್ಲಿಯೇ ಅವರು ಮೂವರ ತಂಡವೊಂದನ್ನು ಕಟ್ಟಿಕೊಂಡು ಮುದ್ರಿಸಿದುದಕ್ಕೆ 'ಆಪ್ತಿ' ಎಂದು ಹೆಸರಿಟ್ಟರು. ಸಂಸ್ಕೃತವನ್ನು ಕಂಡಲ್ಲಿ ಸುಮ್ಮನಿರಲಾರದ ನಮ್ಮನ್ನು ವಾಚಕರು ಮನ್ನಿಸಬೇಕು. ಆಪ್ಲೃ ಎಂಬ ಧಾತು, ಅದರ ಮೇಲೆ ಕ್ತಿನ್ ಪ್ರತ್ಯಯ. ಪಡೆಯುವಿಕೆ, ಸೇರುವಿಕೆ ಎಂದು ಅರ್ಥ. ಪ್ರಾಪ್ತಿ, ವ್ಯಾಪ್ತಿ, ಸಮಾಪ್ತಿಗಳೆಲ್ಲ ಇದರ ಒಡಹುಟ್ಟಿದವು; ನಾವು ಆಪ್ತರೆನ್ನುವ ಮಾತೂ ಇದೇ ಕುಲದ್ದು. ಈ ಮೂವರಲ್ಲಿ ಗಿಟಾರನ್ನು ಹಿಡಿದವರು ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ರೆಝ್ ಅಬ್ಬಾಸಿ. ತಬಲವನ್ನು ಬಾರಿಸಿದವರು ಪಂಡಿತ ಸಮೀರ್ ಚಟರ್ಜಿಯವರಲ್ಲಿ ಕಲಿತ ಅಮೆರಿಕದ ಡ್ಯಾನ್ ವೈಸ್. ತಂಡದ ಹೆಸರು 'ಇಂಡೋ-ಪಾಕ್ ಕೋಯಲಿಷನ್'; ಭಾರತ ಪಾಕಿಸ್ತಾನಗಳ ಕೂಟ! ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದುವಿನಲ್ಲಿ ಪರೀಕ್ಷೆಗಳನ್ನು ಬರೆದ ಹಿರಿಯರ ಊರಿನವರು ಈ ಹೆಸರನ್ನು ಓದಿ ಕ್ಷಣಕಾಲ ಸುಮ್ಮನಾಗುವರು. ಇಲ್ಲಿ ತಾಳವನ್ನು ಬಿಟ್ಟಿಲ್ಲ, ಬಿಗಿಯಾಗಿಯೇ ಹಿಡಿದಿರುವರು. ಅಡಾಣಾ ಎಂಬ ರಾಗದ ಹೆಸರನ್ನು ಹೊತ್ತ ಕೃತಿಯೊಂದಿದೆ; ಪಂಡಿತ ರವಿಶಂಕರರ ರಚನೆಯೊಂದಿದೆ. ೨೦೧೭ರಲ್ಲಿ ಇದೇ ಮೂವರು 'ಅಗ್ರಿಮ' ಎಂಬ ಎರಡನೆಯದನ್ನು ತಂದರು. ಹೆಸರಿಡುವ ವಿಷಯದಲ್ಲಿ ಇವರಿಗೆ ಪೂರ್ಣಾಂಕಗಳನ್ನು ಕೊಡುತ್ತೇವೆ.

ಇದೆಲ್ಲವನ್ನೂ ಹೇಳಿದ ಮೇಲೆ ಅಳಿಯನು, "ಮಾಮಾ, ಈಗ ಒಂದು ಸುತ್ತು ಮುಗೀತದ ನೋಡ್ರಿ" ಎಂದು ಕೊನೆಯದೊಂದನ್ನು ಹಾಕಿದನು. ೨೦೨೦ರಲ್ಲಿ, ಜಗತ್ತೆಲ್ಲ ಮನೆಯೊಳಗೆ ಬಾಗಿಲಿಕ್ಕಿ ಕುಳಿತಿದ್ದ ಬೇಸಗೆಯಲ್ಲಿ ಹೊರಬಂದ ಮಹಾಂತಪ್ಪನವರ 'ಹೀರೋ ಟ್ರಿಯೋ' ಅದು. ಸ್ಯಾಕ್ಸೊಫೋನು, ದೊಡ್ಡ ತಂತಿವಾದ್ಯ, ತಾಳವಾದ್ಯ. ಕೋಲ್ಮನ್ನನು ಟೌನ್ ಹಾಲಿಗೆ ಕರೆದೊಯ್ದ ಮೂರು ವಾದ್ಯಗಳೇ. ಸಂಗಡಿಗರು ಫ್ರಾಂಸ್ವಾ ಮೂತಾನ್ ಮತ್ತು ರೂಡಿ ರಾಯ್‌ಸ್ಟನ್. ತಮಗೆ ಗುರುಸ್ಥಾನದಲ್ಲಿರುವವರ ಕೃತಿಗಳನ್ನು ಆರಿಸಿ ನುಡಿಸಿರುವರು. ಅವುಗಳ ನಡುವೆ ಕೋಲ್ಮನ್ನನ 'ಸ್ಯಾಡ್‌ನೆಸ್' ಕೂಡ ಇದೆ. ಐವತ್ತೆಂಟು ವರ್ಷಗಳ ತರುವಾಯ ಆ ದುಃಖವನ್ನು ಎತ್ತಿಕೊಂಡವರಲ್ಲಿ ಕನ್ನಡ ಮನೆತನದ ಮಗನೊಬ್ಬನು!

ಎರಡನ್ನೂ ಒಂದರ ಹಿಂದೊಂದು ಕೇಳಿದೆವು. ಕೋಲ್ಮನ್ನನ ದನಿ ಒಡೆದ ಕಂಠದ್ದು. ಮಹಾಂತಪ್ಪನವರದು ಹರಿತವಾದುದು, ಇಡಿಕಿರಿದುದು. ಮೊದಲಿನದೇ ನಮಗೆ ಹೆಚ್ಚು ಹಿಡಿಸಿತೆಂದು ಹೇಳಬೇಕು, ಅಳಿಯನು ಒಪ್ಪಲಿಲ್ಲ. ಮನೆಯವರು, "ಅಜ್ಜಿ ಹಾಡಿದ್ದು ಒಂದು, ಮೊಮ್ಮಗಳು ಹಾಡಿದ್ದು ಒಂದು, ಯಾವುದು ಸರಿ ಅಂತ ಕೇಳ್ತಾರೇನು?" ಎಂದು ಬತ್ತಿಗಳನ್ನು ಡಬ್ಬಿಗೆ ತುಂಬಿ ಎದ್ದರು.

ಕಳೆದ ತಿಂಗಳು ರಾಯಚೂರಿನ ಪೇಟೆಯಲ್ಲಿ ಹತ್ತಿಯ ಚೀಲಗಳನ್ನು ಇಳಿಸುತ್ತಿದ್ದವರ ನಡುವಿನಿಂದ ಒಬ್ಬನು ಬಂದು ಕಾಲಿಗೆರಗಿದನು. ತಲೆ ಅರ್ಧ ನರೆತಿತ್ತು. ನಮಗೆ ಗುರುತು ಹತ್ತಲಿಲ್ಲ. ಹೆಸರು ಹೇಳಿದಾಗ ಗೊತ್ತಾಯಿತು: ಶಾರದಾಪೂಜೆಯ ದಿನದ ಆ ಹುಡುಗ. ಕ್ಷೇಮಸಮಾಚಾರವಾದ ಮೇಲೆ ನಾವು ಧೈರ್ಯಮಾಡಿ, ಆ ದಿನದ ನೆನಪುಂಟೇ ಎಂದು ಕೇಳಿದೆವು. ಅವನು ನಕ್ಕು, "ಇಲ್ಲದೇ ಏನ್ರಿ ಸರ್" ಎಂದನು. ಹಾಡುವುದುಂಟೇ ಎಂದೆವು. "ನಾ ಬಿಟ್ಟೇನ್ರಿ. ಮಗಳು ಹಾಡ್ತಾಳ್ರಿ; ನಮ್ಮಜ್ಜಿ ಹಾಡ್ತಿದ್ದುವನ್ನೇ."

ಬರುವ ಏಕಾದಶಿಗೆ ಮಗಳನ್ನು ಕರೆದುಕೊಂಡು ಚಂದ್ರಬಂಡಕ್ಕೆ ಬರಬೇಕೆಂದು ಹೇಳಿದೆವು. ಒಪ್ಪಿಕೊಂಡನು. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು, "ತಬಲಾದವರನ್ನು ಕರ್ಕೊಂಡು ಬರಬೇಕೇನ್ರಿ ಸರ್?" ಎಂದು ಕೇಳಿದನು. ಬೇಡವೆಂದೆವು.